ಎಪ್ಪತ್ತಕ್ಕೆ ಎಷ್ಟು

ಬೆಟಗೇರಿಯ ನಮ್ಮ ಗಿರಣಿಯಲ್ಲಿ
ಹಿಟ್ಟಿಗೆ ಅಂಕ ಕೊಡುವುದು ಹೆಬ್ಬೆರಳು.
ಚಿಟಿಕೆ ತಗೊಂಡು ತೋರುಬೆರಳ ಮೇಲೆ ತಿಕ್ಕಿ
"ತರಿ ಐತಿ, ಇನ್ನೊಂದು ಸುತ್ತು ಹಾಕು" ಅನ್ನುತ್ತಿದ್ದಳು ಅವ್ವ.
ರೊಟ್ಟಿಗೆ ಒಂದು ನುಣುಪು, ಕಡಬಿಗೆ ಇನ್ನೊಂದು.
ಗಲ್ಲಾಪೆಟ್ಟಿಗೆಯ ಚಿಲ್ಲರೆ ನೋಡುವುದನ್ನೂ
ಅದೇ ಬೆರಳಿನಿಂದ ಕಲಿತೆ.

ಸೇರು ಜೋಳ ಬೀಸಲು ಹತ್ತು ಪೈಸೆ ಇದ್ದಾಗಿನ ಮಾತು.
ನೇಕಾರರ ಓಣಿಯಿಂದ ಬುಟ್ಟಿ ಹೊತ್ತು ಬಂದವರು
ಸೆರಗಿನ ಗಂಟು ಬಿಚ್ಚಿ
ಬೆಚ್ಚಗಿನ ನಾಣ್ಯ ಕೊಡುತ್ತಿದ್ದರು.
ಒಂದು ದಿನ ಅವುಗಳ ನಡುವೆ
ತೂತಿನ ಪೈಸೆಯೊಂದು ಬಂತು.
ಆ ತೂತಿನಿಂದ ಇಡೀ ಓಣಿ ನೋಡಿದೆ.
ಸಂಜೆ ಲೆಕ್ಕದಲ್ಲಿ ಒಂದು ಕಡಿಮೆ.
ಐವತ್ತೆರಡು ವರ್ಷವಾಯಿತು,
ಲೆಕ್ಕ ಇನ್ನೂ ಕೂಡಿಲ್ಲ.

ಸ್ಟೇಷನ್ ರೋಡಿನ ಗಡಿಯಾರ ರಿಪೇರಿಯ ದಾವಲಸಾಬರು
ಕಣ್ಣಿಗೆ ಸಿಕ್ಕಿಸುವ ಗಾಜು ಕೊಟ್ಟು
"ತಾರೀಕಿನ ಕೆಳಗ ನೋಡೋ ಗುರಪ್ಪಾ" ಅಂದರು.
ಮುಂಬೈ ಟಂಕಸಾಲೆಗೆ ವಜ್ರ,
ಹೈದರಾಬಾದಿಗೆ ನಕ್ಷತ್ರ,
ಕಲಕತ್ತೆಗೆ ಏನೂ ಇಲ್ಲ.
ಗುರುತಿಲ್ಲದ್ದೇ ಅದರ ಗುರುತು.
ಇನ್ನೊಂದು ಮಾತೂ ಅವರದೇ:
"ಎಂದೂ ತೊಳೀಬ್ಯಾಡ. ಕಪ್ಪು ಅಂದ್ರ ಅದರ ವಯಸ್ಸು.
ವಯಸ್ಸು ತೊಳದರ ಏನು ಉಳೀತೈತಿ?"

ಅವ್ವನಿಗೆ ಇದನ್ನು ಹೇಳಲಿಲ್ಲ.
ಹೇಳಿದ್ದರೂ ನಡೆಯುತ್ತಿರಲಿಲ್ಲ.
ಅವಳ ಹತ್ತಿರ ಇದ್ದದ್ದು ಒಂದೇ ನಾಣ್ಯ,
ತವರು ಮುಂಡರಗಿಯಿಂದ ತಂದ
ರಾಣಿ ಛಾಪಿನ ಬೆಳ್ಳಿ ರೂಪಾಯಿ.
ದೀಪಾವಳಿ ಅಮಾವಾಸ್ಯೆಯ ಸಂಜೆ
ಗಿರಣಿ ನಿಲ್ಲಿಸಿ, ಪಟ್ಟಾ ಇಳಿಸಿ,
ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದಳು
ರಾಣಿಯ ಕೆನ್ನೆ ಹೊಳೆಯುವ ತನಕ.
ಎಡಗೈ ಅವಳದು.
"ಲಕ್ಷ್ಮಿನ್ನ ಎಡಗೈಲೆ ಮುಟ್ಟತಾಳ" ಎಂದು
ಅಜ್ಜಿ ಬೈಯುತ್ತಲೇ ಹೋದಳು,
ಅವ್ವ ತಿಕ್ಕುತ್ತಲೇ ಇದ್ದಳು.

ಅವ್ವ ಹೋದ ಮೂರನೇ ವರ್ಷ
ನನ್ನ ಒಳ್ಳೊಳ್ಳೆಯ ಹನ್ನೊಂದರ ಜೊತೆ
ಅದನ್ನೂ ಕಳಿಸಿದೆ ದರ್ಜೆ ಕಟ್ಟುವವರಿಗೆ.
ಗದಗಿನ ದೊಡ್ಡ ಪೋಸ್ಟಾಫೀಸಿನಲ್ಲಿ
ಅರಗಿನ ಮುದ್ರೆ, ವಿಮೆ, ರಸೀದಿ.
ಎಪ್ಪತ್ತಕ್ಕೆ ಅಂಕ ಕೊಡುತ್ತಾರಂತೆ, ನೂರಕ್ಕಲ್ಲ;
ಯಾಕೆಂದು ಯಾರೂ ಸರಿಯಾಗಿ ಹೇಳಲಿಲ್ಲ.
ನಾಲ್ಕು ತಿಂಗಳು ಕಾದೆ.
ಮಗಳ ಹತ್ತನೇತ್ತೆಯ ರಿಸಲ್ಟಿಗೂ ಹಾಗೆ ಕಾದಿರಲಿಲ್ಲ.

ಬಂದವು. ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಗಳು,
ಉಸಿರೂ ನುಸುಳದ ಹಾಗೆ ಮುಚ್ಚಿದವು.
ಅರವತ್ತಮೂರು. ಐವತ್ತೈದು. ಮತ್ತೊಂದು ಐವತ್ತೈದು.
ತೂತಿನ ಪೈಸೆಗೆ ನಲವತ್ತು, ಪಾಸು.
ಅವ್ವನದಕ್ಕೆ ಅಂಕವೇ ಇಲ್ಲ.
ಚೀಟಿಯಲ್ಲಿ ಒಂದೇ ಮಾತು: ತೊಳೆದದ್ದು.

ಯಾರ ಮೇಲೆ ಸಿಟ್ಟೆಂದು ತಿಳಿಯದೆ
ಎರಡು ದಿನ ಗಿರಣಿ ಕಲ್ಲಿಗೆ ಉಳಿ ಹೊಡೆಯುತ್ತ ಕೂತೆ.
ಮೂರನೇ ದಿನ ದಾವಲಸಾಬರ ಗಾಜು ಕಣ್ಣಿಗಿಟ್ಟು
ಬಲ್ಬಿನ ಕೆಳಗೆ ಡಬ್ಬಿ ಓರೆ ಮಾಡಿದೆ.
ಇತ್ತು. ರಾಣಿಯ ಕೊರಳಿಂದ ಕೆನ್ನೆಗೆ
ಕೂದಲಿಗಿಂತ ಸಣ್ಣ ಗೆರೆಗಳು ನೂರಾರು,
ಎಲ್ಲ ಒಂದೇ ಕಡೆ ಬಾಗಿ.
ಬಲಗೈಯವರು ತಿಕ್ಕಿದರೆ ಹಾಗೆ ಬಾಗುವುದಿಲ್ಲ;
ಸ್ಟೀಲಿನ ತಾಟಿನ ಮೇಲೆ ನಾನೇ ತಿಕ್ಕಿ ನೋಡಿದೆ.

ಬೆಟಗೇರಿ ಎಲ್ಲಿದೆಯೆಂದೂ ಅರಿಯದ
ಯಾವನೋ ಬಿಳಿ ಕೈಗವಸಿನವ
ಅವ್ವನ ನಲವತ್ತು ಅಮಾವಾಸ್ಯೆ ಓದಿ
ಒಂದು ಶಬ್ದದಲ್ಲಿ ಬರೆದಿಟ್ಟಿದ್ದಾನೆ.
ತಪ್ಪು ಓದಿಲ್ಲ.

ಒಂದು ಮಾತ್ರ ಅವನ ಕಣ್ಣಿಗೆ ಬಿದ್ದಿಲ್ಲ.
ಕಿರೀಟದ ಸಂದಿಯಲ್ಲಿ ಒಂದು ಬಿಳಿ ಕಣ.
ಬೂದಿಯೋ, ಹಿಟ್ಟೋ,
ಹಿಟ್ಟಾದರೆ ಜೋಳದ್ದೋ, ಗೋದಿಯದೋ,
ಬೆರಳಿಗೆ ಸಿಕ್ಕರೆ ಹೇಳಬಲ್ಲೆ.
ಡಬ್ಬಿ ಒಡೆಯದೆ ಸಿಗುವುದಿಲ್ಲ.
ಸುತ್ತಿಗೆ ಇಲ್ಲೇ ಇದೆ, ಉಳಿಯ ಪಕ್ಕ.

ನಾಳೆ ಅಮಾವಾಸ್ಯೆ.
ಒಳಗಿನಿಂದ ಇಂದುಮತಿ ಕೇಳುತ್ತಾಳೆ:
"ತಾಮ್ರದ ಕೊಡಕ್ಕ ಹುಣಸೆಹಣ್ಣು ನೆನೆ ಇಟ್ಟೀನಿ,
ಅತ್ತಿಯವರ ರೂಪಾಯಿನೂ ತಿಕ್ಕಿಡಲೇನು?"

ಅವಳದು ಬಲಗೈ.